ಚೀಟಿ ಜೊತೆ ಚೀಲವನ್ನೂ ನೋಡಿ

ಪ್ರಶ್ನೆ: ಬಸವೇಶ್ವರನಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಬಿಪಿ, ಶುಗರ್, ಥೈರಾಯ್ಡ್ ಅಂತ ತಿಂಗಳು ತಿಂಗಳು ಬರುವ ಹಿರಿಯರೇ ಜಾಸ್ತಿ. ಅವರ ಮಾತ್ರೆಗಳನ್ನೆಲ್ಲ ಕೂತು ನೋಡಿ, ಸರಿಯಿದೆಯಾ ಅಂತ ಹೇಳುವ ಸೇವೆ ಶುರು ಮಾಡುವ ಆಸೆ. ಆದರೆ ಸಂಜೆಯಾದರೆ ಕೌಂಟರ್ ಬಿಟ್ಟು ಅಲುಗಾಡಲು ಆಗುವುದಿಲ್ಲ. ಡಾಕ್ಟರುಗಳು ‘ನೀವ್ಯಾರು ಕೇಳೋಕೆ’ ಅಂದರೆ ಏನು ಮಾಡಲಿ?
– ಒಬ್ಬ ಫಾರ್ಮಸಿಸ್ಟ್

ಉತ್ತರ: ಖಂಡಿತ ಶುರು ಮಾಡಿ. ಇದು ನಿಮ್ಮ ಕೆಲಸವೇ. ಮಾತ್ರೆ ಹೇಗೆ ತೆಗೆದುಕೊಳ್ಳಬೇಕು, ಯಾವ ಅಡ್ಡಪರಿಣಾಮ ಬರಬಹುದು, ಒಂದು ಡೋಸ್ ತಪ್ಪಿದರೆ ಏನು ಮಾಡಬೇಕು ಎಂದು ಫಾರ್ಮಸಿಸ್ಟ್ ತಾನಾಗಿಯೇ ರೋಗಿಯ ಜೊತೆ ಮಾತಾಡಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೀಗೆ ಹೇಳುತ್ತವೆ. ಚೀಟಿ ಬದಲಿಸುವ ಅಧಿಕಾರ ಮಾತ್ರ ನಿಮಗಿಲ್ಲ. ಅದು ಡಾಕ್ಟರದ್ದು.

ಸಂಜೆಯ ರಶ್‌ನಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಖಾಲಿ ಇರುತ್ತದೆ ಅಲ್ವಾ, ಆಗ ದಿನಕ್ಕೆ ಒಬ್ಬರನ್ನು ಮಾತ್ರ ಕರೆಯಿರಿ. ಕೌಂಟರಿನಿಂದ ದೂರ ಒಂದು ಚಿಕ್ಕ ಮೇಜು, ಎರಡು ಕುರ್ಚಿ ಸಾಕು. ಪಕ್ಕದಲ್ಲಿ ಯಾರೋ ಕೆಮ್ಮಿನ ಸಿರಪ್ ಕೇಳುತ್ತಾ ನಿಂತಿದ್ದರೆ ಯಾರೂ ತಮ್ಮ ಕಾಯಿಲೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಮೊದಲು ಯಾರನ್ನು ಕರೆಯಬೇಕು? ದಿನಕ್ಕೆ ಐದಕ್ಕಿಂತ ಜಾಸ್ತಿ ಔಷಧಿ ಇರುವವರು, ಇಬ್ಬರು ಮೂವರು ಡಾಕ್ಟರ ಹತ್ತಿರ ಹೋಗುವವರು, ಆಸ್ಪತ್ರೆಯಿಂದ ಈಗಷ್ಟೇ ಡಿಸ್ಚಾರ್ಜ್ ಆದವರು, ಇನ್ಸುಲಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು.

ಬರುವಾಗ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬರಲು ಹೇಳಿ. ಕಣ್ಣಿನ ಡ್ರಾಪ್ಸ್, ಇನ್ಹೇಲರ್, ಕಷಾಯದ ಪುಡಿ, ಪಕ್ಕದ ಮನೆಯವರು ಕೊಟ್ಟ ಮಾತ್ರೆ, ಯಾವುದನ್ನೂ ಬಿಡುವಂತಿಲ್ಲ. ಇನ್ಸುಲಿನ್ ಫ್ರಿಡ್ಜ್‌ನಲ್ಲೇ ಇರಲಿ, ಅದರ ಫೋಟೋ ಸಾಕು.

ಆ ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ. ಬ್ರ್ಯಾಂಡ್ ಹೆಸರು ಬಿಟ್ಟು ಔಷಧಿಯ ನಿಜವಾದ ಹೆಸರು ಓದಿ. ಜನೌಷಧಿ ಕೇಂದ್ರದಿಂದ ತಂದ ಸ್ಟ್ರಿಪ್ ಮೇಲೆ ‘ಟೆಲ್ಮಿಸಾರ್ಟನ್ 40’ ಎಂದಿರುತ್ತದೆ, ಇನ್ನೊಂದು ಅಂಗಡಿಯ ಸ್ಟ್ರಿಪ್ ಮೇಲೆ ‘ಟೆಲ್ಮಾ 40’. ಎರಡೂ ಒಂದೇ ಬಿಪಿ ಮಾತ್ರೆ. ಬಣ್ಣ ಬೇರೆ, ಬೆಲೆ ಬೇರೆ ಇರುವುದರಿಂದ ಅಜ್ಜಿ ಎರಡನ್ನೂ ನುಂಗುತ್ತಿರುತ್ತಾರೆ. ಎದ್ದು ನಿಂತಾಗ ತಲೆ ಸುತ್ತಿದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಕೆಲವು ಸ್ಟ್ರಿಪ್‌ಗಳಲ್ಲಿ ಹೆಸರೇ ಇರುವುದಿಲ್ಲ, ನಾಲ್ಕು ಮಾತ್ರೆ ಕೇಳಿದವರಿಗೆ ಕತ್ತರಿಸಿ ಕೊಟ್ಟಾಗ ಹೆಸರಿನ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ದಯವಿಟ್ಟು ನಿಮ್ಮ ಅಂಗಡಿಯಲ್ಲಿ ಹೀಗಾಗದಂತೆ ನೋಡಿಕೊಳ್ಳಿ. ಕತ್ತರಿಸಲೇಬೇಕಾದರೆ ಕವರ್ ಮೇಲೆ ಹೆಸರು, ಪವರ್, ಎಕ್ಸ್‌ಪೈರಿ ಬರೆದು ಕೊಡಿ.

‘ಮಾತ್ರೆ ಸರಿಯಾಗಿ ತಗೋತಿದ್ದೀರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ವಾರ ಎಷ್ಟು ದಿನ ಬಿಟ್ಟುಹೋಯ್ತು ಅಜ್ಜಿ?’ ಎಂದು ಕೇಳಿ. ‘ಸಂಕಷ್ಟಿ ಉಪವಾಸದ ದಿನ ಶುಗರ್ ಮಾತ್ರೆ ಏನು ಮಾಡ್ತೀರಿ?’ ಎಂದು ಕೇಳಿ. ಊಟ ಬಿಟ್ಟು ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿದರೆ ಶುಗರ್ ಅಪಾಯಕ್ಕಿಳಿಯಬಹುದು. ‘ಮಂಡಿ ನೋವಿಗೆ ಏನು ತಗೋತೀರಿ?’ ಎಂಬುದನ್ನಂತೂ ಮರೆಯಲೇಬೇಡಿ. ನೋವಿನ ಮಾತ್ರೆಯನ್ನು ನಮ್ಮ ಜನ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ, ಜೊತೆಗೆ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಸಿಕ್ಕಿದ ಸಮಸ್ಯೆಗಳಲ್ಲಿ ಕೆಲವನ್ನು ನೀವೇ ಸರಿಮಾಡಬಹುದು. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿ ಜೊತೆ ನುಂಗುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಾತ್ರೆ ನೀರಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಇರಲಿ. ಇದಕ್ಕೆ ಡಾಕ್ಟರನ್ನು ಕೇಳಬೇಕಿಲ್ಲ. ಆದರೆ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಶುರುವಾದ ಮೇಲೆ ಕಾಲು ಊದಿಕೊಂಡಿದೆ, ಊತ ಇಳಿಸಲು ಇನ್ನೊಬ್ಬ ಡಾಕ್ಟರು ಫ್ಯೂರೋಸೆಮೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ ಬರೆದಿದ್ದಾರೆ ಅನ್ನಿ. ಅದು ಡಾಕ್ಟರೇ ತೀರ್ಮಾನಿಸಬೇಕಾದ ವಿಷಯ.

ಡಾಕ್ಟರಿಗೆ ಮೂರು ಸಾಲು ಬರೆದರೆ ಸಾಕು. ಕಂಡದ್ದು, ರೋಗಿಗೆ ಆಗುತ್ತಿರುವ ತೊಂದರೆ, ನಿಮ್ಮ ಪ್ರಶ್ನೆ. ‘ಆಮ್ಲೋಡಿಪಿನ್ 10 ಶುರುವಾದ ಎರಡು ವಾರಕ್ಕೆ ಎರಡೂ ಕಾಲು ಊದಿವೆ. ಈಗ ಫ್ಯೂರೋಸೆಮೈಡ್ ಕೂಡ ಇದೆ, ಸುಸ್ತು ಎನ್ನುತ್ತಾರೆ. ಆಮ್ಲೋಡಿಪಿನ್ ಬಗ್ಗೆ ಮತ್ತೊಮ್ಮೆ ನೋಡುತ್ತೀರಾ?’ ಇಷ್ಟೇ. ರೋಗಿಯ ಒಪ್ಪಿಗೆ ಪಡೆದು ಅವರ ಕೈಯಲ್ಲೇ ಕಳಿಸಿ. ತುರ್ತಿದ್ದರೆ, ಒಂದೇ ಮಾತ್ರೆ ಎರಡೆರಡು ಹೋಗುತ್ತಿದ್ದರೆ, ಅವತ್ತೇ ಫೋನ್ ಮಾಡಿ. ರೋಗಿಯ ಮುಂದೆ ಡಾಕ್ಟರ ತಪ್ಪು ಎತ್ತಿ ಆಡಬೇಡಿ. ಎರಡು ವಾರ ಬಿಟ್ಟು ನೀವೇ ವಿಚಾರಿಸಿ, ಉತ್ತರ ಬಂತಾ, ಮಾತ್ರೆ ಬದಲಾಯಿತಾ, ತಲೆ ಸುತ್ತು ನಿಂತಿತಾ ಎಂದು. ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳಿ. ಅಲ್ಲಿಯವರೆಗೂ ಆ ರಿವ್ಯೂ, ಅಂದರೆ ಮಾತ್ರೆಗಳ ಪರಿಶೀಲನೆ, ಮುಗಿದಿಲ್ಲ.

ನಾನು ದಿನಕ್ಕೆ ಒಬ್ಬರೇ ಎಂದದ್ದು ಇದಕ್ಕೇ. ಇಂಗ್ಲೆಂಡಿನಲ್ಲಿ 2005ರಿಂದ ಔಷಧಿ ಅಂಗಡಿಗಳಲ್ಲಿ ಇಂಥ ರಿವ್ಯೂಗೆ ಸರ್ಕಾರವೇ ಹಣ ಕೊಡುತ್ತಿತ್ತು. ಒಂದು ಅಂಗಡಿಗೆ ವರ್ಷಕ್ಕೆ 400ರ ಮಿತಿ. ಎಷ್ಟೋ ಕಡೆ ಸಂಖ್ಯೆ ಮುಟ್ಟುವುದೇ ಗುರಿಯಾಯಿತು ಎಂಬ ದೂರು ಬಂತು. 2021ರಲ್ಲಿ ಆ ಸೇವೆ ನಿಂತಿತು. ನೀವು ಫೀ ತೆಗೆದುಕೊಳ್ಳುವುದಾದರೆ ಮೊದಲೇ ಹೇಳಿ. ಆದರೆ ಆ ಕುರ್ಚಿಯಲ್ಲಿ ಕೂರಿಸಿಕೊಂಡು ಟಾನಿಕ್ ಮಾರಲು ಮಾತ್ರ ಹೋಗಬೇಡಿ. ಒಮ್ಮೆ ಹಾಗಾದರೆ ಅವರು ಮತ್ತೆ ಚೀಲ ತರುವುದಿಲ್ಲ.

ಪ್ರಶ್ನೆ: ನಮ್ಮತ್ತೆಗೆ ದಿನಕ್ಕೆ 11 ಮಾತ್ರೆ. ನಡೆದು ಬರಲು ಆಗುವುದಿಲ್ಲ. ನಾನೇ ಫಾರ್ಮಸಿಸ್ಟ್ ಹತ್ತಿರ ಹೋಗಿ ಕೇಳಿದರೆ ನಡೆಯುತ್ತದೆಯೇ?
– ಜಯನಗರದ ಓದುಗರು

ಉತ್ತರ: ನಡೆಯುತ್ತದೆ. ಚೀಲದ ಜೊತೆ ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ವರದಿ, ಡಿಸ್ಚಾರ್ಜ್ ಸಾರಾಂಶ ಇದ್ದರೆ ಅದನ್ನೂ ಒಯ್ಯಿರಿ. ಅಲ್ಲಿ ಕೂತಾಗ ಅತ್ತೆಗೆ ವಿಡಿಯೋ ಕಾಲ್ ಮಾಡಿ. ಯಾವ ಮಾತ್ರೆ ಯಾವಾಗ ನುಂಗುತ್ತಾರೆ ಎಂಬುದು ಅವರಿಗಷ್ಟೇ ಗೊತ್ತು. ಜ್ಯೇಷ್ಠಮಧು ಇರುವ ಕಷಾಯ ದಿನಾ ಕುಡಿಯುತ್ತಿದ್ದರೆ ಅದನ್ನೂ ಹೇಳಿ, ಬಿಪಿ ಏರಬಹುದು. ಹೊಸ ಮಾತ್ರೆಯಿಂದ ಏನಾದರೂ ತೊಂದರೆಯಾಗಿದೆ ಅನಿಸಿದರೆ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು. ಜಾಸ್ತಿ ಆಯಿತು ಅಂತ ಸುಮ್ನೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್, ಫಿಟ್ಸ್ ಮಾತ್ರೆ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್, ಇವನ್ನು ಡಾಕ್ಟರ್ ಹೇಳದೆ ಒಂದು ದಿನವೂ ಬಿಡುವಂತಿಲ್ಲ.