ವಾಕಿಂಗ್ ಒಂದೇ ಸಾಲದು, ತೊಡೆಗೂ ಕೆಲಸ ಕೊಡಿ

ಪ್ರಶ್ನೆ: ನನಗೆ 67 ವರ್ಷ. ದಿನಾ ಮುಕ್ಕಾಲು ಗಂಟೆ ವಾಕಿಂಗ್ ತಪ್ಪಿಸುವುದಿಲ್ಲ. ಆದರೂ ಒಂದೆರಡು ವರ್ಷದಿಂದ ಕುರ್ಚಿಯಿಂದ ಏಳಲು ಕೈ ಊರಬೇಕು. ‘ಭಾರ ಎತ್ತಬೇಡಿ, ವಿಶ್ರಾಂತಿ ತಗೊಳ್ಳಿ’ ಅನ್ನುತ್ತಾನೆ ಮಗ. ಹತ್ತು ಸಾವಿರ ಹೆಜ್ಜೆಗೆ ಏರಿಸಲೇ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ. ಹೆಜ್ಜೆ ಏರಿಸಬೇಕಾಗಿಲ್ಲ. ಹತ್ತು ಸಾವಿರದ ಲೆಕ್ಕ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮೀಟರ್’.

ನಿಮ್ಮ ತೊಂದರೆ ಇರುವುದು ತೊಡೆಯಲ್ಲಿ. ವಾಕಿಂಗ್ ಹೃದಯಕ್ಕೆ, ರಕ್ತದ ಸಕ್ಕರೆಗೆ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟು ದಾರಿಯಲ್ಲಿ ನಡೆಯುವಾಗ ತೊಡೆಯ ಸ್ನಾಯು ತನ್ನ ಪೂರ್ತಿ ಬಲ ಹಾಕಬೇಕಾಗಿ ಬರುವುದೇ ಇಲ್ಲ. ಕೇಳದ ಬಲವನ್ನು ದೇಹ ಉಳಿಸಿಕೊಳ್ಳುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಬರೀ ನಡಿಗೆಯಲ್ಲ: ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನವಾದರೂ ಸಮತೋಲನದ ಅಭ್ಯಾಸ.

ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಎದೆಗೆ ಕಟ್ಟಿ ಎದ್ದು ನಿಲ್ಲಿ. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನ ಇಳಿಯಿರಿ. ಎಲ್ಲರೂ ತಪ್ಪುವುದು ಇಲ್ಲೇ, ಧೊಪ್ಪನೆ ಕೂತುಬಿಡುತ್ತಾರೆ. ಉಸಿರು ಬಿಗಿಹಿಡಿಯಬೇಡಿ. ಆಗುವುದೇ ಇಲ್ಲವೆಂದರೆ ಸೀಟಿನ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿಕೊಳ್ಳಿ. ಎಂಟು ಸಲ, ನಡುವೆ ಸುಧಾರಿಸಿಕೊಂಡು ಮತ್ತೆ ಎಂಟು ಸಲ, ದಿನ ಬಿಟ್ಟು ದಿನ. ಕೊನೆಯ ಎರಡು ಕಷ್ಟವಾಗಲೇಬೇಕು. ಸಲೀಸಾಯಿತೇ? ಕೈಯಲ್ಲಿ ನೀರಿನ ಬಾಟಲಿ ಹಿಡಿಯಿರಿ.

ಮಗನಿಗೂ ಒಂದು ಮಾತು. ವಿಶ್ರಾಂತಿ ನಿರಪಾಯವಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯವಂತ ಹಿರಿಯರು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಸ್ನಾಯು ಕಳೆದುಕೊಂಡರು. 1990ರ ಇನ್ನೊಂದರಲ್ಲಿ ವೃದ್ಧಾಶ್ರಮದ ಹತ್ತು ಜನ, ಎಲ್ಲರೂ 90ರ ಆಸುಪಾಸಿನವರು, ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. 67ಕ್ಕೇ ‘ಇನ್ನೇನು’ ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಣ್ಣೆ ತಿಕ್ಕಿ ಸ್ನಾಯು ಬೆಳೆಸುತ್ತೇವೆ ಎನ್ನುವವರಿಗೆ ದುಡ್ಡು ಸುರಿಯಬೇಡಿ. ಪ್ರೋಟೀನ್ ಮಾತ್ರ ಬೇಕು: ದೇಹತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಮೂರೂ ಊಟಕ್ಕೆ ಹಂಚಿ. ಮೂತ್ರಪಿಂಡದ ಕಾಯಿಲೆ ಇದ್ದವರು ಈ ಲೆಕ್ಕ ಹಿಡಿಯಬೇಡಿ, ನಿಮ್ಮ ವೈದ್ಯರನ್ನೇ ಕೇಳಿ.

ನಾನು ಅತಿ ಎಚ್ಚರಿಕೆಯವಳು ಅನ್ನಿಸಿದರೂ ಸರಿ, ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಎದೆನೋವು, ತಲೆಸುತ್ತು ಇರುವವರು ತೋರಿಸಿಕೊಳ್ಳದೆ ಶುರುಮಾಡಬೇಡಿ. ಕಾಲಿನ ಬಲ ಕೆಲವೇ ವಾರಗಳಲ್ಲಿ ಕುಸಿದಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್, ವಿಟಮಿನ್ ಡಿ, ನರಗಳು, ನುಂಗುತ್ತಿರುವ ಮಾತ್ರೆಗಳು, ಎಲ್ಲವನ್ನೂ ನೋಡಬೇಕಾಗುತ್ತದೆ.

ಪ್ರಶ್ನೆ: ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದಂತೆ?

ಉತ್ತರ: ಅಲ್ಲ.

ಪ್ರಶ್ನೆ: ವಯಸ್ಸಾದ ಮೇಲೆ ನಾಲ್ಕು ಗಂಟೆ ನಿದ್ದೆ ಸಾಕಲ್ಲವೇ?

ಉತ್ತರ: ಸಾಲದು, ಏಳೆಂಟು ಗಂಟೆ ಬೇಕು. ಹಾಗೆಂದು ನೆರೆಯವರ ನಿದ್ದೆಮಾತ್ರೆ ಇಸಿದುಕೊಂಡು ನುಂಗಬೇಡಿ. ಅದರ ಮಂಪರಿನಲ್ಲಿ ಶೌಚಾಲಯಕ್ಕೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನೋಡಿ ನೋಡಿ ಸಾಕಾಗಿದೆ.

ಪ್ರಶ್ನೆ: ಯೌವನ ಮರಳಿಸುವ ಹಾರ್ಮೋನ್ ಇಂಜೆಕ್ಷನ್?

ಉತ್ತರ: ಮೋಸ. ಬೆಳವಣಿಗೆ ಹಾರ್ಮೋನನ್ನು ಸುಮ್ಮನೆ ಚುಚ್ಚಿಸಿಕೊಂಡರೆ ಕಾಲು ಬಾವು, ಕೀಲುನೋವು ಬರುತ್ತದೆ, ಸಕ್ಕರೆ ಏರುತ್ತದೆ.

ಪ್ರಶ್ನೆ: ಶ್ರವಣ ಸಾಧನ ಹಾಕಿದರೆ ಉಳಿದ ಕೇಳುವಿಕೆಯೂ ಹೋಗುತ್ತದಂತೆ?

ಉತ್ತರ: ಸರಿಯಾಗಿ ಹೊಂದಿಸಿದ ಸಾಧನದಿಂದ ಹೋಗುವುದಿಲ್ಲ. ಕೇಳದೆ ಮಾತುಕತೆಯಿಂದ ದೂರ ಸರಿಯುತ್ತೀರಲ್ಲ, ನನಗೆ ಭಯ ಅದರದ್ದು; ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಕಿವುಡೂ ಒಂದು. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ.