ಎಡಿಎಚ್‌ಡಿ ಇರುವ ಮಗುವಿನ ಬೆಳಗಿನ ಹೊಟ್ಟೆನೋವು

ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂದು ಗುರುತಿಸಲಾದ ನಿಮ್ಮ ಒಂಬತ್ತು ವರ್ಷದ ಮಗ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವೆಂದು ಅಳುತ್ತಾನೆ, ಇದು ಅದೇ ತೊಂದರೆಯ ಭಾಗವೋ ಬೇರೆಯೋ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ದಾವಣಗೆರೆಯಲ್ಲಿ ಇಂಥದೇ ಮಗಳನ್ನು ಬೆಳೆಸುತ್ತಿರುವ ತಾಯಿ. ಎಡಿಎಚ್‌ಡಿ, ಆತಂಕ ಎರಡೂ ಒಟ್ಟಿಗೇ ಇರಬಹುದು. ಗಮನದ ಕೊರತೆಯಿರುವ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗಾದರೂ ಆತಂಕದ ತೊಂದರೆಯೂ ಇರುತ್ತದೆ.

ನನ್ನ ಮಗಳು ಬೆಳಗ್ಗೆ ನಾಲ್ಕು ಸಲ ಬ್ಯಾಗು ಬಿಚ್ಚಿ ಪುಸ್ತಕಗಳನ್ನು ಎಣಿಸಿಕೊಂಡು, ಆಟೋದವರು ಹಾರ್ನ್ ಹೊಡೆದ ಕೂಡಲೇ ಊಟದ ಡಬ್ಬಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೇ ಬಿಟ್ಟು ಓಡುತ್ತಿದ್ದಳು. ಡಬ್ಬಿ ಮರೆಯುವುದು ಎಡಿಎಚ್‌ಡಿಯದು, ನಾಲ್ಕು ಸಲ ಎಣಿಸುವುದು ಆತಂಕದ್ದು ಎಂದು ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು. ಅಲ್ಲಿಯವರೆಗೆ ಎರಡಕ್ಕೂ ಬೈಗುಳವೇ ನನ್ನ ಮದ್ದಾಗಿತ್ತು.

ಎರಡನ್ನೂ ಬೇರೆಮಾಡಿ ನೋಡಲು ರಜೆಯ ದಿನಗಳನ್ನು ಗಮನಿಸಿ. ಗಮನ ಚದುರುವ ಮಗು ಅಜ್ಜಿಯ ಮನೆಯಲ್ಲಿ ಕೇರಂ ಆಡುವಾಗಲೂ ತನ್ನ ಸರದಿ ಮರೆಯುತ್ತದೆ. ನನ್ನ ಮಗಳ ಹೊಟ್ಟೆನೋವು ಮಾತ್ರ ಬೇಸಿಗೆ ರಜೆಯಲ್ಲಿ ಮಾಯವಾಗಿ ಜೂನ್‌ನಲ್ಲಿ ಮರಳಿ ಬಂತು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯಿಂದಲೂ ಹೊಟ್ಟೆನೋವು ಬರುತ್ತದೆ, ಹಸಿವೂ ಕಡಿಮೆಯಾಗುತ್ತದೆ. ಆದ್ದರಿಂದ ಮಾತ್ರೆ ಶುರುವಾಗುವ ಮೊದಲೇ ನೋವಿತ್ತೇ, ಮಾತ್ರೆ ಕೊಟ್ಟ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಎರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಆತಂಕವೂ ಇದೆಯೆಂದಾದರೆ ಮಾತ್ರೆಯ ಜೊತೆಗೆ ವರ್ತನಾ ಚಿಕಿತ್ಸೆಯ (ಮಾತ್ರೆಯಿಲ್ಲದೆ, ಅಭ್ಯಾಸದ ಮೂಲಕ ನಡವಳಿಕೆ ತಿದ್ದುವ ಚಿಕಿತ್ಸೆ) ಬಗ್ಗೆ ಕೇಳಿ. 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿ ಇರುವ 579 ಮಕ್ಕಳನ್ನೊಳಗೊಂಡ ಅಮೆರಿಕದ ಎಂಟಿಎ ಅಧ್ಯಯನದಲ್ಲಿ, ಆತಂಕವೂ ಇದ್ದ ಮಕ್ಕಳಿಗೆ ಈ ಚಿಕಿತ್ಸೆಯಿಂದ ಉಳಿದವರಿಗಿಂತ ಹೆಚ್ಚು ಪ್ರಯೋಜನ ಕಂಡುಬಂದಿತ್ತು. ತಜ್ಞರು ಸಿಗುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಕಾರಣ ಕೇಳುವುದಕ್ಕೆ ಮಾತ್ರ ಬೆಳಗಿನ ಗಡಿಬಿಡಿ ತಕ್ಕ ಸಮಯವಲ್ಲ. ಎದುರು ಕೂರಿಸಿ ಕೇಳಿದಾಗಲೆಲ್ಲ ‘ಏನಿಲ್ಲ’ ಎನ್ನುತ್ತಿದ್ದ ನನ್ನ ಮಗಳು, ಒಂದು ಭಾನುವಾರ ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯುವಾಗ, ನನ್ನ ಮುಖ ನೋಡದೆಯೇ, ನೋಟ್‌ಬುಕ್ ಮರೆತದ್ದಕ್ಕೆ ತನ್ನನ್ನು ಮೂರು ದಿನ ಬೆಂಚಿನ ಮೇಲೆ ನಿಲ್ಲಿಸಿದ್ದರೆಂದು ಹೇಳಿದಳು.