ಪ್ರತಿಕ್ರಿಯೆ: ಸೈನಿಕನ ಸಿದ್ಧಾಂತ ಕಂದಕದ್ದೋ, ಬರವಣಿಗೆಯ ಮೇಜಿನದೋ?

ಯುದ್ಧದ ಅನುಭವಕಥನದಲ್ಲಿ ಸೈನಿಕನು ಸಾರುವ ಸಿದ್ಧಾಂತವನ್ನು ಅವನು ರಣರಂಗದಲ್ಲಿದ್ದಾಗಲೂ ನಂಬಿದ್ದನೇ ಎಂದು ತಾವು ಕೇಳಿದ್ದೀರಿ. ಕೈಯಲ್ಲಿರುವುದು ಯಾವ ವರ್ಷದ ಆವೃತ್ತಿ ಎಂಬುದನ್ನು ಮೊದಲು ನೋಡಿ ಎಂದು ವಿನಂತಿಸುತ್ತೇನೆ.

ಜರ್ಮನಿಯ ಅರ್ನ್ಸ್ಟ್ ಯೂಂಗರ್ ಅವರು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬರೆದಿಟ್ಟ ದಿನಚರಿಗಳನ್ನು ಆಧರಿಸಿ 1920ರಲ್ಲಿ ಪ್ರಕಟಿಸಿದ ‘ಉಕ್ಕಿನ ಬಿರುಗಾಳಿ’ಯನ್ನು ಮುಂದೆ ದಶಕಗಳ ಕಾಲ ತಿದ್ದುತ್ತಲೇ ಹೋದರು. 1924ರ ಪರಿಷ್ಕರಣೆಯಲ್ಲಿ ರಾಷ್ಟ್ರವಾದದ ದನಿ ಏರಿತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ಆ ಮಾತುಗಳಲ್ಲಿ ಹಲವನ್ನು ಅವರೇ ಕೈಬಿಟ್ಟರು. 1929ರ ಇಂಗ್ಲಿಷ್ ಅನುವಾದವು 1924ರ ಪಠ್ಯವನ್ನು ಅನುಸರಿಸಿದ್ದರಿಂದ, ಅದನ್ನು ಓದಿದವರಿಗೆ ಸಿಗುವ ಯೂಂಗರ್ ಮತ್ತು ನಂತರ ತಿದ್ದಿದ ಪಠ್ಯವನ್ನು ಆಧರಿಸಿದ 2003ರ ಅನುವಾದದಲ್ಲಿ ಸಿಗುವ ಯೂಂಗರ್ ಒಬ್ಬರೇ ಅಲ್ಲ. 2010ರಲ್ಲಿ ಅಚ್ಚಾದ ಮೂಲ ದಿನಚರಿಗಳಲ್ಲಿ ಈ ಯುದ್ಧ ಎಂದು ಮುಗಿಯುವುದೋ ಎಂಬ ಬೇಸರವೂ ಇದೆ, ಮತ್ತು ನನಗೆ ಅದೇ ಹೆಚ್ಚು ನಂಬಲರ್ಹವೆನಿಸುತ್ತದೆ.

ಸೈನಿಕನು ತನ್ನನ್ನು ಯಾರೆಂದು ಗುರುತಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆ ಇನ್ನೂ ಜಟಿಲ. ಅವರ ಹ್ಯಾನೋವರ್ ರೆಜಿಮೆಂಟಿನವರು ತೋಳಿನ ಮೇಲೆ ‘ಜಿಬ್ರಾಲ್ಟರ್’ ಎಂಬ ಪಟ್ಟಿ ಧರಿಸುತ್ತಿದ್ದರು. ಅದು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರ ಜೊತೆ ನಿಂತು ಸ್ಪೇನ್‌ನ ದಕ್ಷಿಣ ತುದಿಯ ಆ ಬ್ರಿಟಿಷ್ ಕೋಟೆಯನ್ನು ಕಾಪಾಡಿದ್ದರ ನೆನಪು, ಆದರೆ ಈಗ ಎದುರಿಗಿದ್ದವರು ಅದೇ ಇಂಗ್ಲಿಷರು. 1917ರಲ್ಲಿ ಬ್ರಿಟಿಷ್ ಪಡೆಯ ಭಾರತೀಯ ಸೈನಿಕರನ್ನು ಎದುರಿಸಿದ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ತಾವು ಮತ್ತೊಮ್ಮೆ ಓದಬೇಕು: ಸೆರೆಸಿಕ್ಕ ಗಾಯಾಳುಗಳು ಅಲ್ಲಿ ಹೇಳಿಕೊಳ್ಳುವುದು ಸಾಮ್ರಾಜ್ಯದ ಹೆಸರನ್ನಲ್ಲ, ತಾವು ರಜಪೂತರೆಂಬುದನ್ನು.